ಪದ ಪರಿಚಯ: ಆರೋಗ್ಯ ನಿಗಾ

ಸೊಲ್ಲಾಪುರದ ನಮ್ಮ ಮಾಮಾನ ಮನೆಯ ಟಿವಿ ಇಡೀ ಓಣಿಗೆ ಕೇಳುತ್ತದೆ. ಮೂವತ್ತು ವರ್ಷ ಪವರ್‌ಲೂಮಿನಲ್ಲಿ ಚಾದರ ನೇಯ್ದವರು. ಬೀದಿನಾಯಿ ಬೊಗಳಿದರೆ ಅವರಿಗೆ ಕೇಳುತ್ತದೆ. ಮೊಮ್ಮಗಳು ‘ಸಕ್ರಿ ಬೇಕು’ ಅಂದರೆ ಮಾತ್ರ ‘ಏನವಾ?’ ಅಂತಾರೆ. ಅವರ ಶೆಡ್ಡಿನ ಹತ್ತಿರ ಒಮ್ಮೆ ಆರೋಗ್ಯ ಶಿಬಿರ ನಡೆದಿತ್ತಂತೆ. ಬಿಪಿ, ಶುಗರ್ ನೋಡಿ ‘ಎಲ್ಲಾ ಬರೋಬ್ಬರಿ ಐತಿ’ ಅಂತ ಕಳಿಸಿದರು. ಕಿವಿಯ ಸುದ್ದಿಯನ್ನೇ ಯಾರೂ ಎತ್ತಲಿಲ್ಲ.

ಅದು ತಪಾಸಣೆ. ನಿಗಾ ಬೇರೆ.

‘ನಿಗಾ’ ಪಾರಸಿಯಿಂದ ಬಂದ ಮಾತು, ಅಲ್ಲಿ ಅರ್ಥ ನೋಟ. ಒಲೆ ಮೇಲೆ ಹಾಲಿಟ್ಟು ‘ಸ್ವಲ್ಪ ನಿಗಾ ಇರಲಿ’ ಅಂತೀವಲ್ಲ, ಅದೇ. ಉಕ್ಕಿದ ಮೇಲೆ ನೋಡಿ ಏನು ಬಂತು? ಕೆಲಸದಿಂದಲೇ ಬರುವ ಕಾಯಿಲೆಯನ್ನು ಶುರುವಿನಲ್ಲೇ ಹಿಡಿಯಲು ಕೆಲಸಗಾರರನ್ನು ಆಗಾಗ ಪರೀಕ್ಷಿಸಿ, ಬರೆದಿಟ್ಟು, ಅವರದೇ ಹಳೇ ಲೆಕ್ಕದ ಜೊತೆ ಹೋಲಿಸುವುದು ಆರೋಗ್ಯ ನಿಗಾ.

ಏನು ನೋಡಬೇಕು ಅನ್ನುವುದನ್ನು ಕೆಲಸವೇ ಹೇಳುತ್ತದೆ. ಬ್ಯಾಟರಿ ಕೆಲಸದವರಿಗೆ ರಕ್ತದಲ್ಲಿನ ಸೀಸ, ಕಲ್ಲುಪುಡಿಯಲ್ಲಿ ದುಡಿಯುವವರಿಗೆ ಎದೆಯ ಎಕ್ಸ್‌ರೇ. ಹತ್ತಿ ದೂಳಿನಿಂದ ಬರುವ ಬಿಸಿನೋಸಿಸ್ ಇನ್ನೂ ವಿಚಿತ್ರ. ರಜೆ ಮುಗಿಸಿ ಬಂದ ಮೊದಲ ದಿನವೇ ಎದೆ ಬಿಗಿಯುತ್ತದೆ. ಹಾಗಾಗಿ ಆ ದಿನದ ಪಾಳಿಗೆ ಮೊದಲೊಮ್ಮೆ, ಆಮೇಲೊಮ್ಮೆ ಕೊಳವೆಯಲ್ಲಿ ಊದಿಸಿ ಉಸಿರು ಅಳೆಯುತ್ತಾರೆ.

ಮಗ್ಗದವರಿಗೆ ಕಿವಿ. ಸದ್ದಿನ ಏಟಿಗೆ ಸಾಮಾನ್ಯವಾಗಿ ಮೊದಲು ಮಂಕಾಗುವುದು 4000 ಹರ್ಟ್ಸ್ ಸುತ್ತಲಿನ ಕೀಚಲು ದನಿ. ಉಳಿದದ್ದು ಕೇಳುತ್ತಿರುತ್ತದೆ, ಹಾಗಾಗಿ ವರ್ಷಗಟ್ಟಲೆ ಗೊತ್ತೇ ಆಗುವುದಿಲ್ಲ. ಯಾವ ದನಿ ಎಷ್ಟು ಕೇಳುತ್ತದೆ ಅಂತ ತೋರಿಸುವ ನಕ್ಷೆ, ಅಂದರೆ ಆಡಿಯೋಗ್ರಾಮಿನ ಗೆರೆಯಲ್ಲಿ ಮಾತ್ರ ಅಲ್ಲೊಂದು ತಗ್ಗು ಬೀಳುತ್ತದೆ. ಕೆಲಸಕ್ಕೆ ಸೇರುವಾಗಲೇ ಒಂದು ಗೆರೆ ತೆಗೆದಿಟ್ಟಿದ್ದರೆ ತಾನೇ ಈಗಿನದು ಇಳಿದಿದೆ ಅಂತ ತಿಳಿಯುವುದು? ಪಾಳಿ ಮುಗಿದ ಕೂಡಲೇ ಪರೀಕ್ಷೆ ಮಾಡಿಯೂ ಪ್ರಯೋಜನವಿಲ್ಲ. ಆಗ ಕಿವಿ ದಣಿದಿರುತ್ತದೆ. ಒಂದು ರಾತ್ರಿ ಸುಮ್ನೆ ಬಿಟ್ಟು ಬೆಳಿಗ್ಗೆ ನೋಡಬೇಕು.

ಒಂದೇ ಶೆಡ್ಡಿನ ನಾಲ್ಕೈದು ಜನರಿಗೆ ಅದೇ ತಗ್ಗು ಕಂಡರೆ, ರಿಪೇರಿ ಆಗಬೇಕಾದ್ದು ಶೆಡ್ಡು. ಸದ್ದು ಕಮ್ಮಿ ಮಾಡಬೇಕು, ಜಾಗ ಬದಲಿಸಬೇಕು. ಅದು ಬಿಟ್ಟು ಆ ಚೀಟಿ ತೋರಿಸಿ ಕೆಲಸದಿಂದ ತೆಗೆದರೆ ಮುಂದಿನ ಸಲ ಯಾರು ನಿಜ ಹೇಳ್ತಾರೆ?

1948ರ ಕಾರ್ಖಾನೆ ಕಾಯ್ದೆಯಲ್ಲಿ, ವೈದ್ಯರು ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗಗಳ ಪಟ್ಟಿಗೆ ಬಿಸಿನೋಸಿಸ್, ಸದ್ದಿನಿಂದ ಬರುವ ಕಿವುಡು ಎರಡೂ ಸೇರಿದ್ದವು. ಆದರೆ ಕರೆಂಟಿನಿಂದ ನಡೆಯುವ ಘಟಕವಾದರೂ ಕನಿಷ್ಠ 10 ಜನ ಇದ್ದರೆ ಮಾತ್ರ ಅದು ಸಾಮಾನ್ಯವಾಗಿ ಕಾರ್ಖಾನೆ ಅನಿಸಿಕೊಳ್ಳುತ್ತಿತ್ತು. ಮಾಮಾನಿಗೆ ಇದನ್ನು ಹೇಳಿದೆ. ಮಗ್ಗದವರ ರೂಢಿಯಂತೆ ನನ್ನ ತುಟಿಯನ್ನೇ ನೋಡುತ್ತಾ ಕೇಳಿಸಿಕೊಂಡರು.

‘ನಮ್ಮ ಶೆಡ್ಡಿನ್ಯಾಗ ನಾವು ಎಂಟ ಮಂದಿ ಇದ್ದಿವಿ.’