ಟಿವಿಯಲ್ಲಿ ಒಂಬತ್ತು, ಕೈಯಲ್ಲಿ ಆರು

ನನ್ನ ವಿಡಿಯೋ ಗೇಮ್ ರಿವ್ಯೂ ಹೊರಬಿದ್ದ ಮಾರನೇ ದಿನ ಬರುವ ಪತ್ರ ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. ‘ಸರ್, ಈ ಗೇಮ್‌ಗೆ ಎಲ್ಲರೂ ಹತ್ತಕ್ಕೆ ಒಂಬತ್ತು ಕೊಟ್ಟಿದ್ದಾರೆ. ನೀವು ಮಾತ್ರ ಆರು ಯಾಕೆ? ಆ ಕಂಪನಿ ಮೇಲೆ ನಿಮಗೇನಾದರೂ ಸಿಟ್ಟಾ?’ ಸಿಟ್ಟಿರುವುದು ನಿಜ, ಆದರೆ ಕಂಪನಿ ಮೇಲಲ್ಲ. ಆ ‘ಎಲ್ಲರೂ’ ಯಾವ ಯಂತ್ರದಲ್ಲಿ ಆಡಿದರು ಅಂತ ಯಾರೂ ನೋಡುವುದಿಲ್ಲವಲ್ಲ, ಅದರ ಮೇಲೆ. ಅವರು ಆಡಿದ್ದು ಸೋನಿಯ ಪ್ಲೇಸ್ಟೇಷನ್ 5ರಲ್ಲಿ (ಪಿಎಸ್5), ದೊಡ್ಡ ಟಿವಿ ಮುಂದೆ, ಸೋಫಾ ಮೇಲೆ ಕಾಲು ಚಾಚಿ. ನಾನು ಆಡಿದ್ದು ಕೈಯಲ್ಲೂ ಹಿಡಿಯಬಹುದಾದ, ಟಿವಿಗೂ ಜೋಡಿಸಬಹುದಾದ ನಿಂಟೆಂಡೊ ಸ್ವಿಚ್‌ನಲ್ಲಿ, ಬಿಎಂಟಿಸಿ ಬಸ್ಸಿನ ಕಿಟಕಿ ಪಕ್ಕ.

ನಾನು ಬರೆಯುವುದು ಕೈಯಲ್ಲಿ ಹಿಡಿದು ಆಡುವ ಕನ್ಸೋಲ್ ಇರುವವರಿಗೆ. ಸ್ವಿಚ್ ಇದ್ದವರು ಜಾಸ್ತಿ, ಆಮೇಲೆ ಪಿಸಿ ಗೇಮ್‌ಗಳನ್ನು ಕೈಯಲ್ಲೇ ಆಡಿಸುವ ಸ್ಟೀಮ್ ಡೆಕ್ ಇದ್ದವರು. ಸೋನಿಯ ಹಳೇ ಪಿಎಸ್‌ಪಿಯನ್ನು ಇನ್ನೂ ಜೋಪಾನವಾಗಿ ಇಟ್ಟುಕೊಂಡವರೂ ಇದ್ದಾರೆ, ಅವರ ಮೇಲೆ ನನಗೆ ವಿಶೇಷ ಪ್ರೀತಿ. ಇವರಿಗೆ ಬರೆಯುವಾಗ ನಾನು ಅಂಕ ಕೊಡುವುದು ಆ ಗೇಮ್ ಈ ಯಂತ್ರದಲ್ಲಿ, ಈ ಪುಟ್ಟ ಪರದೆ ಮೇಲೆ, ಬ್ಯಾಟರಿ ಮುಗಿಯುವುದರೊಳಗೆ ಹೇಗೆ ನಡೆಯಿತು ಅನ್ನುವುದಕ್ಕೆ. ಇದನ್ನು ಪ್ರತಿ ರಿವ್ಯೂನ ಕೊನೆಯಲ್ಲೂ ಬರೆಯುತ್ತೇನೆ. ಕೊನೆಯ ಸಾಲು ಯಾರೂ ಓದುವುದಿಲ್ಲ ಅನ್ನುವುದು ಈಗ ಗೊತ್ತಾಗಿದೆ. ಅದಕ್ಕೇ ಇವತ್ತು ಉದ್ದಕ್ಕೆ ಹೇಳಿಬಿಡುತ್ತೇನೆ.

ಸೈಬರ್‌ಪಂಕ್ 2077 ಗೇಮ್ ನೆನಪಿದೆಯಲ್ವಾ? 2020ರ ಡಿಸೆಂಬರ್. ಬಿಡುಗಡೆಗೆ ಮುಂಚೆ ವಿಮರ್ಶಕರ ಕೈಗೆ ಬಂದದ್ದು ಪಿಸಿ ಆವೃತ್ತಿ ಮಾತ್ರ. ಅವರು ಹೊಗಳಿದರು. ಜನ ಆ ಅಂಕ ನೋಡಿ ತಮ್ಮ ಪಿಎಸ್4ಗೆ ಕೊಂಡರು. ಅಲ್ಲಿ ಗೇಮ್ ಪದೇ ಪದೇ ಕ್ರ್ಯಾಶ್ ಆಗುತ್ತಿತ್ತು. ಬೀದಿಯಲ್ಲಿ ಜನರ ಮುಖ ಮೂಡುವುದಕ್ಕೇ ಸಮಯ ಹಿಡಿಯುತ್ತಿತ್ತು. ಡಿಸೆಂಬರ್ 18ಕ್ಕೆ ಸೋನಿ ತನ್ನ ಸ್ಟೋರ್‌ನಿಂದಲೇ ಅದನ್ನು ತೆಗೆದು ಹಣ ವಾಪಸ್ ಕೊಡಲು ಶುರುಮಾಡಿತು. ವಿಮರ್ಶಕರು ಸುಳ್ಳು ಬರೆದಿರಲಿಲ್ಲ, ಪಿಸಿಯಲ್ಲಿ ಕಂಡದ್ದನ್ನೇ ಬರೆದಿದ್ದರು. ಅದೇ ಗೇಮ್ 2025ರ ಜೂನ್ 5ರಂದು ನಿಂಟೆಂಡೊದ ಹೊಸ ಯಂತ್ರ ಸ್ವಿಚ್ 2 ಜೊತೆಗೇ ಬಂತು. ಕೈಯಲ್ಲಿ ಹಿಡಿದು ಧಾರಾಳವಾಗಿ ಆಡಬಹುದು. ಈಗ ಹೇಳಿ, ಸೈಬರ್‌ಪಂಕ್‌ಗೆ ಸ್ಕೋರ್ ಎಷ್ಟು? ಯಂತ್ರದ ಹೆಸರು ಹೇಳದೆ ಇದಕ್ಕೆ ಉತ್ತರ ಕೊಡುವುದು ಹೇಗೆ?

ಕೈಯಲ್ಲಿ ಹಿಡಿಯುವ ಯಂತ್ರಕ್ಕೆ ಬಂದ ದೊಡ್ಡ ಗೇಮ್‌ಗಳಲ್ಲಿ ನನಗೆ ಇಷ್ಟವಾದ ಉದಾಹರಣೆ ವಿಚರ್ 3. ಪಿಸಿ, ಪಿಎಸ್4ಗೆ 2015ರಲ್ಲಿ ಬಂದ ಗೇಮ್. ಸ್ವಿಚ್‌ಗೆ ಬಂದದ್ದು 2019ರ ಅಕ್ಟೋಬರ್‌ನಲ್ಲಿ, ಆಮೇಲೆ ಬಂದ ಎರಡೂ ಹೆಚ್ಚುವರಿ ಕಥೆಗಳನ್ನು (ಎಕ್ಸ್‌ಪಾನ್ಷನ್) ಸೇರಿಸಿ 32 ಜಿಬಿ ಕಾರ್ಡ್‌ಗೆ ತುರುಕಿ. ಸ್ವಿಚ್ ಪರದೆ 720ಪಿ, ಮೇಲಿಂದ ಕೆಳಕ್ಕೆ 720 ಚುಕ್ಕೆಗಳ ಸಾಲು. ಕೈಯಲ್ಲಿ ಹಿಡಿದಾಗ ಈ ಗೇಮ್ ಓಡುವುದು ಹೆಚ್ಚೆಂದರೆ 540ಪಿಯಲ್ಲಿ. ಅಂದರೆ ಕಡಿಮೆ ಚುಕ್ಕೆಗಳ ಚಿತ್ರವನ್ನು ಎಳೆದು ಹಿಗ್ಗಿಸಿ ತೋರಿಸುತ್ತದೆ. ಟಿವಿಗೆ ಜೋಡಿಸಿದರೆ ಮರದ ಎಲೆಗಳ ಅಂಚು ಕಲಸಿಹೋಗಿ ಕಾಣುತ್ತದೆ. ಗೇಮ್‌ನೊಳಗಿನ ನೊವಿಗ್ರಾಡ್ ಪೇಟೆಯಲ್ಲಿ ಕುದುರೆ ಓಡಿಸಿದರೆ ಜನ ಎದುರಿಗೇ ದಿಢೀರನೆ ಉದ್ಭವಿಸುತ್ತಾರೆ. ಅದೇ ಪೇಟೆಯನ್ನು ರಾತ್ರಿ ಹುಬ್ಬಳ್ಳಿ ರೈಲಿನ ಮೇಲಿನ ಬರ್ತ್‌ನಲ್ಲಿ, ಮುಖದಿಂದ ಒಂದಡಿ ದೂರ ಹಿಡಿದು ನೋಡಿ. 6.2 ಇಂಚಿನ ಪರದೆ ಎಷ್ಟೋ ತಪ್ಪುಗಳನ್ನು ಮುಚ್ಚಿಹಾಕುತ್ತದೆ. ಕಥೆ ಅದೇ, ಮಾತು ಅದೇ, ಗ್ವೆಂಟ್ ಇಸ್ಪೀಟಾಟವೂ ಅದೇ. ಕೈಯಲ್ಲಿ ಆಡುವವರಿಗೆ ನಾನು ಅದಕ್ಕೆ ಎಂಟು ಕೊಟ್ಟೆ. ಟಿವಿಗೆ ಜೋಡಿಸಿಯೇ ಆಡುವವರು ಈ ಆವೃತ್ತಿ ಕೊಳ್ಳಲೇಬೇಡಿ ಅಂತಲೂ ಬರೆದೆ. ಎರಡನೇ ವಾಕ್ಯ ಬಿಟ್ಟು ಮೊದಲನೆಯದನ್ನು ಮಾತ್ರ ಓದಿದವರು ಆಮೇಲೆ ನನ್ನನ್ನು ಬೈದರು.

ಯಾವುದೇ ಗೇಮ್ ತೆರೆದ ಕೂಡಲೇ ನಾನು ಮೊದಲು ನೋಡುವುದು ಅಕ್ಷರದ ಗಾತ್ರ. ಗ್ರಾಫಿಕ್ಸ್ ಆಮೇಲೆ. ಗೇಮ್ ಮಾಡುವವರು ಕೂರುವುದು ದೊಡ್ಡ ಮಾನಿಟರ್ ಮುಂದೆ. ಅಲ್ಲಿ ಅಂದವಾಗಿ ಕಾಣುವ ಸಣ್ಣ ಅಕ್ಷರ ಏಳಿಂಚಿನ ಪರದೆಗೆ ಬಂದಾಗ ಇರುವೆ ಸಾಲು. ಇನ್‌ವೆಂಟರಿ, ಅಂದರೆ ಆಟದಲ್ಲಿ ಕೂಡಿಟ್ಟ ಸಾಮಾನಿನ ಪಟ್ಟಿ ತೆರೆದು ಒಂದು ಕತ್ತಿಯ ವಿವರಣೆ ಓದುತ್ತೇನೆ, ಮೊಣಕೈ ಮಡಿಸಿ ಹಿಡಿಯುವಷ್ಟು ದೂರದಲ್ಲಿ. ಆಮೇಲೆ ಬಸ್ಸಿನಲ್ಲಿ ಓದುತ್ತೇನೆ. ಸೆಟ್ಟಿಂಗ್ಸ್‌ನಲ್ಲಿ ಅಕ್ಷರ ದೊಡ್ಡದು ಮಾಡುವ ಆಯ್ಕೆ ಇದೆಯಾ ನೋಡುತ್ತೇನೆ. ಇಲ್ಲದಿದ್ದರೆ ಅಂಕ ಅಲ್ಲೇ ಇಳಿಯುತ್ತದೆ. ಬ್ಯಾಂಕಿನಲ್ಲಿ ಕೆಲಸ ಮಾಡುವ ಓದುಗರೊಬ್ಬರು ಇದ್ದಾರೆ. ಚಾಳೀಸು ಬಂದ ಮೇಲೆ ಗೇಮ್ ಆಡಲು ಕಲಿತವರು. ಪ್ರತಿ ಸಲ ಅವರದು ಒಂದೇ ಪ್ರಶ್ನೆ, ‘ಅಕ್ಷರ ಕಾಣುತ್ತಾ?’ ಗೇಮ್ ಬಗ್ಗೆ ನನಗೆ ಬರುವ ಪ್ರಶ್ನೆಗಳಲ್ಲಿ ಇಷ್ಟು ಬುದ್ಧಿವಂತಿಕೆಯ ಪ್ರಶ್ನೆ ಇನ್ನೊಂದಿಲ್ಲ.

ಫ್ರೇಮ್‌ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಅನ್ನುವುದರ ಬಗ್ಗೆ ಜಗಳ ಜಾಸ್ತಿ, ತಿಳುವಳಿಕೆ ಕಮ್ಮಿ. 30 ಅಂದರೆ ಒಂದೊಂದು ಚಿತ್ರವೂ ಸುಮಾರು 33 ಮಿಲಿಸೆಕೆಂಡ್ ಪರದೆ ಮೇಲೆ ನಿಲ್ಲಬೇಕು. ಅದು ಒಂದೇ ಸಮ ಇದ್ದರೆ ಕಣ್ಣು ಹೊಂದಿಕೊಳ್ಳುತ್ತದೆ. ಒಂದು 20 ಮಿಲಿಸೆಕೆಂಡ್‌ಗೆ, ಇನ್ನೊಂದು 50ಕ್ಕೆ ಬಂದರೆ ಸರಾಸರಿ ಎಷ್ಟೇ ಇದ್ದರೂ ಕೈಗೆ ಎಡವಿದ ಹಾಗೆ ಆಗುತ್ತದೆ. ಸ್ಟೀಮ್ ಡೆಕ್ ಇದ್ದವರು 60ರ ಹಿಂದೆ ಬೀಳದೆ ಗೇಮನ್ನು 40ಕ್ಕೆ ಕಟ್ಟಿಹಾಕಿ ನೋಡಿ. ಚಿತ್ರಕ್ಕೆ 25 ಮಿಲಿಸೆಕೆಂಡ್. ಸಮಯದ ಲೆಕ್ಕದಲ್ಲಿ ಅದು 30ರ 33ಕ್ಕೂ 60ರ ಸುಮಾರು 17ಕ್ಕೂ ಸರಿಯಾಗಿ ನಡುವೆ ಬರುತ್ತದೆ, ಬ್ಯಾಟರಿಯೂ ಉಳಿಯುತ್ತದೆ.

ಬ್ಯಾಟರಿ ಅಂದಾಗ ಇನ್ನೊಂದು ಗೊಂದಲ. 2017ರ ಮೊದಲ ಸ್ವಿಚ್‌ಗೆ ನಿಂಟೆಂಡೊ ಹೇಳಿದ್ದು ಎರಡೂವರೆಯಿಂದ ಆರೂವರೆ ಗಂಟೆ. 2019ರಲ್ಲಿ ಅದೇ ಮುಖದ ಹೊಸ ಮಾದರಿ ಬಂತು, ಅದಕ್ಕೆ ನಾಲ್ಕೂವರೆಯಿಂದ ಒಂಬತ್ತು. ಝೆಲ್ಡಾ: ಬ್ರೆತ್ ಆಫ್ ದಿ ವೈಲ್ಡ್ ಮೊದಲನೆಯದರಲ್ಲಿ ಸುಮಾರು ಮೂರು ಗಂಟೆ, ಎರಡನೆಯದರಲ್ಲಿ ಐದೂವರೆ. ಗೇಮ್ ಒಂದೇ. ಬೆಂಗಳೂರಿನಿಂದ ಮೈಸೂರಿಗೆ ಹೋಗುವವನಿಗೆ ಎರಡೂ ಸಾಕು. ಹುಬ್ಬಳ್ಳಿಗೆ ಹೋಗುವವನಿಗೆ ಮೊದಲನೆಯದು ಹಾವೇರಿಗೂ ಮುಂಚೆ ಕೈಕೊಡುತ್ತದೆ. ಇಂಟರ್‌ನೆಟ್ ಇಲ್ಲದೆ ನಡೆಯದ ಗೇಮ್‌ಗಳದ್ದು ಇನ್ನೊಂದು ಕಥೆ. ಸ್ವಿಚ್‌ನಲ್ಲಿ ‘ಕಂಟ್ರೋಲ್’ ಅನ್ನುವ ಗೇಮ್ ಬಂದದ್ದು ಕ್ಲೌಡ್ ಆವೃತ್ತಿಯಾಗಿ. ಗೇಮ್ ಓಡುವುದು ಎಲ್ಲೋ ದೂರದ ಸರ್ವರ್‌ನಲ್ಲಿ, ನಿಮ್ಮ ಕೈಗೆ ಬರುವುದು ಅದರ ವಿಡಿಯೋ. ಮನೆಯ ವೈಫೈನಲ್ಲಿ ಅದಕ್ಕೆ ಒಂದು ಅಂಕ ಕೊಡಬಹುದು. ಸಕಲೇಶಪುರ ದಾಟಿ ಸುಬ್ರಹ್ಮಣ್ಯ ಕಡೆ ಘಾಟಿ ಇಳಿಯುವ ರೈಲಿನಲ್ಲಿ, ಸುರಂಗದ ಮೇಲೆ ಸುರಂಗ ಬರುವಾಗ, ಅದಕ್ಕೆ ಎಷ್ಟು ಕೊಡಲಿ?

ಇದೇನು ಹೊಸ ವಿಷಯವೂ ಅಲ್ಲ. ನಿಂಟೆಂಡೊ 1989ರಲ್ಲಿ ತಂದ ಕೈಯಂತ್ರ ಗೇಮ್ ಬಾಯ್‌ನ ಪರದೆಯಲ್ಲಿ ಬಣ್ಣ ಇರಲಿಲ್ಲ, ಬೆಳಕೂ ಇರಲಿಲ್ಲ. ವೇಗವಾಗಿ ಏನಾದರೂ ಓಡಿದರೆ ಹಿಂದೆ ಮಸಿ ಎಳೆದ ಹಾಗೆ ಕಾಣುತ್ತಿತ್ತು. ಮರುವರ್ಷ ಜಪಾನಿನಲ್ಲಿ ಸೆಗಾ ಕಂಪನಿಯ ಗೇಮ್ ಗಿಯರ್ ಬಂತು. ಬಣ್ಣದ ಪರದೆ, ಹಿಂದಿನಿಂದ ಬೆಳಕು. ಅಕ್ಕಪಕ್ಕ ಇಟ್ಟರೆ ಯಾರಾದರೂ ಗೇಮ್ ಗಿಯರನ್ನೇ ಎತ್ತಿಕೊಳ್ಳಬೇಕು. ಆದರೆ ಅದು ಆರು ಪೆನ್ಸಿಲ್ ಸೆಲ್‌ಗಳನ್ನು ಮೂರರಿಂದ ಐದು ಗಂಟೆಯಲ್ಲಿ ನುಂಗುತ್ತಿತ್ತು. ಗೇಮ್ ಬಾಯ್ ನಾಲ್ಕೇ ಸೆಲ್‌ಗಳಲ್ಲಿ ಹತ್ತು ಗಂಟೆಗೂ ಮೀರಿ ನಡೆಯುತ್ತಿತ್ತು. ಅದರ ಜೊತೆ ಅಮೆರಿಕದಲ್ಲಿ ಕೊಟ್ಟ ಟೆಟ್ರಿಸ್ ಆ ದರಿದ್ರ ಪರದೆಗೆ ಹೇಳಿ ಮಾಡಿಸಿದ್ದು. ಹಿನ್ನೆಲೆ ಸರಿಯುವುದಿಲ್ಲ, ಇಟ್ಟಿಗೆ ನಿಧಾನ ಬೀಳುತ್ತದೆ, ಎರಡು ನಿಮಿಷ ಸಿಕ್ಕರೂ ಒಂದಾಟ ಆಡಬಹುದು. ಮುಂದೆ ಗೇಮ್ ಬಾಯ್ ತನ್ನ ಬಣ್ಣದ ಮಾದರಿಯೂ ಸೇರಿ 11 ಕೋಟಿಗೂ ಜಾಸ್ತಿ ಮಾರಾಟವಾಯಿತು. ಗೇಮ್ ಗಿಯರ್ ಸುಮಾರು ಒಂದು ಕೋಟಿಗೆ ನಿಂತಿತು.

ಕೈಗೆ ಬಂದಾಗ ಅಂಕ ಏರುವುದೂ ಉಂಟು, ಇದನ್ನು ಯಾರೂ ಕೇಳುವುದೇ ಇಲ್ಲ. ‘ಹೇಡೀಸ್’ ಗೇಮ್ ಟಿವಿಯಲ್ಲೂ ಚೆನ್ನ. ಆದರೆ ಅರ್ಧ ಗಂಟೆಯ ಒಂದೊಂದು ಸುತ್ತನ್ನು ಮೆಟ್ರೊದಲ್ಲಿ ಶುರುಮಾಡಿ, ಇಳಿಯುವಾಗ ಬಟನ್ ಒತ್ತಿ ಮಲಗಿಸಿ, ಸಂಜೆ ಅದೇ ಏಟಿನಿಂದ ಮುಂದುವರಿಸುವ ಸುಖ ಟಿವಿಯಲ್ಲಿ ಸಿಗುವುದಿಲ್ಲ. ಜಪಾನಿನ ಫಾಮಿತ್ಸು ಪತ್ರಿಕೆಯಲ್ಲಿ ನಾಲ್ವರು ವಿಮರ್ಶಕರು ತಲಾ ಹತ್ತರಂತೆ ನಲವತ್ತಕ್ಕೆ ಅಂಕ ಕೊಡುತ್ತಾರೆ. 2005ರಲ್ಲಿ ನಿಂಟೆಂಡಾಗ್ಸ್ ಅನ್ನುವ ನಾಯಿಮರಿ ಸಾಕುವ ಗೇಮ್‌ಗೆ ನಲವತ್ತಕ್ಕೆ ನಲವತ್ತು ಬಂತು. ನಿಂಟೆಂಡೊ ಡಿಎಸ್ ಅನ್ನುವ ಕೈಯಂತ್ರದ ಮೈಕ್‌ನಲ್ಲಿ ಹೆಸರು ಹಿಡಿದು ಕರೆದರೆ ಮರಿ ಓಡಿ ಬರುತ್ತದೆ, ಪರದೆ ಮೇಲೆ ಕಡ್ಡಿಯಿಂದ ಬೆನ್ನು ಸವರಬಹುದು. ಇದನ್ನು ಟಿವಿಗೆ ಹಾಕಿದರೆ ಉಳಿಯುವುದೇನು?

ಇನ್ನು ಏಳರ ಗೋಳು. ನಾವು ಓದುವಾಗ ಎಸ್ಸೆಸ್ಸೆಲ್ಸಿಯಲ್ಲಿ 35 ಬಂದರೆ ಪಾಸು, 60 ಬಂದರೆ ಫಸ್ಟ್ ಕ್ಲಾಸು. ದಾವಣಗೆರೆಯ ತಾಯಿಯೊಬ್ಬರು ಬರೆದಿದ್ದರು, ‘ಏಳು ಅಂದರೆ ಒಳ್ಳೇದೇ ಅಲ್ವಾ, ಮಗನಿಗೆ ಕೊಡಿಸಲಾ?’ ಅದೇ ಪತ್ರದ ಕೆಳಗೆ ಮಗ ಸೇರಿಸಿದ್ದ, ‘ಅಂಕಲ್, ಬರೀ ಏಳಾ? ಅಷ್ಟು ಕೆಟ್ಟದಾಗಿದೆಯಾ?’ ನನ್ನ ಲೆಕ್ಕದಲ್ಲಿ ಅಮ್ಮನೇ ಸರಿ. ನಾನು ಹತ್ತನ್ನೂ ಬಳಸುತ್ತೇನೆ, ಐದು ಅಂದರೆ ನಡುಮಧ್ಯೆ. ಆದರೆ ಮಗನನ್ನೂ ಬೈಯಲಾರೆ. ಎಲ್ಲರ ಅಂಕ ಒಟ್ಟುಮಾಡಿ ನೂರಕ್ಕೆ ಸರಾಸರಿ ಹೇಳುವ ಜಾಲತಾಣ ಮೆಟಾಕ್ರಿಟಿಕ್‌ನಲ್ಲಿ ಗೇಮ್‌ಗೆ ಹಸಿರು ಬಣ್ಣ ಬರುವುದೇ 75ರಿಂದ. ಅದರ ಕೆಳಗೆ ಹಳದಿ. ಆ ಸಂಖ್ಯೆ ನಂಬಿ ಸಂಬಳದ ಮೇಲಿನ ಬೋನಸ್ ತೀರ್ಮಾನ ಮಾಡಿದ್ದೂ ಇದೆ. ‘ಫಾಲ್‌ಔಟ್: ನ್ಯೂ ವೇಗಸ್’ ಮಾಡಿದ ಒಬ್ಸಿಡಿಯನ್ ಸ್ಟುಡಿಯೋಗೆ 85 ಬಂದಿದ್ದರೆ ಬೋನಸ್ ಸಿಗುತ್ತಿತ್ತು, ಬಂದದ್ದು 84 ಅಂತ ಆ ಸ್ಟುಡಿಯೋದ ಕ್ರಿಸ್ ಅವೆಲೋನ್ 2012ರಲ್ಲಿ ಹೇಳಿದ್ದರು. ಒಂದು ಅಂಕ!

ಹಾಗಿದ್ದರೆ ಅಂಕವೇ ಬೇಡ ಅನ್ನುತ್ತೀರಾ? ಯುರೋಗೇಮರ್ ಅನ್ನುವ ಗೇಮ್ ಜಾಲತಾಣ 2015ರಲ್ಲಿ ಹಾಗೇ ಕೈಬಿಟ್ಟಿತು. 2023ರಲ್ಲಿ ಐದು ನಕ್ಷತ್ರಗಳ ರೂಪದಲ್ಲಿ ವಾಪಸ್ ತಂದಿತು. ಅಂಗಡಿ ಮುಂದೆ ನಿಂತವರಿಗೆ ಒಂದು ಸಂಖ್ಯೆ ಬೇಕು, ಅದು ತಪ್ಪೇನಲ್ಲ. ನಮ್ಮಲ್ಲಂತೂ ಸ್ವಿಚ್ ಅಧಿಕೃತವಾಗಿ ಬಂದದ್ದೇ ಇಲ್ಲ. ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್‌ನಲ್ಲಿ ಚೌಕಾಸಿ ಮಾಡಿಯೋ, ಅಮೆರಿಕದಿಂದ ಬರುವ ಅಕ್ಕನ ಸೂಟ್‌ಕೇಸ್ ನೆಚ್ಚಿಕೊಂಡೋ ತಂದುಕೊಂಡಿರುತ್ತಾರೆ. ಒಂದು ದೊಡ್ಡ ಗೇಮ್‌ಗೆ ನಾಲ್ಕೈದು ಸಾವಿರ. ಡೆಕ್‌ಗೆ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಾದರೆ ಕೊಂಡ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಹಣ ವಾಪಸ್ ಕೇಳಬಹುದು. ಡೆಕ್ ಇದ್ದವರು ನನ್ನ ಅಂಕಕ್ಕಿಂತ ಆ ಎರಡು ಗಂಟೆಯನ್ನೇ ನಂಬಿ. ಸ್ವಿಚ್‌ನವರಿಗೆ ಆ ಭಾಗ್ಯ ಇಲ್ಲ.

ನಾನು ಹೇಳಿದ್ದೇ ಕೊನೆಯೂ ಅಲ್ಲ. ಕಂಪನಿಯಿಂದ ಪ್ಯಾಚ್, ಅಂದರೆ ತಿದ್ದುಪಡಿ ಬಂದರೆ ಗೇಮ್ ಬದಲಾಗುತ್ತದೆ. ನಿಮ್ಮ ಬ್ಯಾಟರಿ ನನ್ನದಕ್ಕಿಂತ ಹಳೆಯದಿರಬಹುದು. ಅದಕ್ಕೇ ಯಾವ ಆವೃತ್ತಿ ಆಡಿದೆ ಅಂತ ಬರೆಯುತ್ತೇನೆ. ಪೋಕೆಮಾನ್ ಸ್ಕಾರ್ಲೆಟ್ ಮತ್ತು ವೈಲೆಟ್ 2022ರ ನವೆಂಬರ್‌ನಲ್ಲಿ ಬಂದಾಗ ಸ್ವಿಚ್‌ನಲ್ಲಿ ಏದುಸಿರು ಬಿಡುತ್ತಿದ್ದವು. ನಾನು ಆರು ಕೊಟ್ಟೆ. ಮೂರೇ ದಿನದಲ್ಲಿ ಒಂದು ಕೋಟಿ ಪ್ರತಿ ಮಾರಾಟವಾದವು ಅಂತ ನಿಂಟೆಂಡೊ ಹೇಳಿತು. ಆ ಒಂದು ಕೋಟಿಯನ್ನು ನನ್ನ ಮುಖಕ್ಕೆ ಹಿಡಿದವರು ಬಹಳ ಜನ. 2025ರಲ್ಲಿ ಸ್ವಿಚ್ 2ಗೆ ಉಚಿತ ಅಪ್‌ಡೇಟ್ ಬಂತು. ಅದೇ ಕಾರ್ಡ್ ಹಾಕಿದರೆ ಈಗ 60 ಫ್ರೇಮ್‌ವರೆಗೂ ಹೋಗುತ್ತದೆ. ಹಳೇ ಅಂಕ ತಿದ್ದುತ್ತೀರಾ ಅಂತ ಕೇಳುತ್ತಿದ್ದಾರೆ. ತಿದ್ದುವುದಿಲ್ಲ. ಅಣ್ಣ ಹೊಸದು ಕೊಂಡ ಮೇಲೆ ಹಳೇ ಸ್ವಿಚ್ ತಮ್ಮನ ಕೈಗೆ ಬಂದಿರುತ್ತದೆ, ಅವನಿಗೆ ಆ ಆರು ಇನ್ನೂ ಬೇಕು. ಅದರ ಕೆಳಗೆ ಸ್ವಿಚ್ 2ಗೆ ಬೇರೆ ಸಾಲು, ಬೇರೆ ಅಂಕ ಬರೆದಿದ್ದೇನೆ.

ಪತ್ರ ಬರೆಯುವಾಗ ಮೊದಲ ಸಾಲಲ್ಲೇ ಯಂತ್ರದ ಹೆಸರು ಹಾಕಿ. ಸ್ವಿಚ್ ಆದರೆ ಮಾದರಿಯೂ ಬೇಕು. ಮೈಮೇಲೆ ಸಣ್ಣ ಅಕ್ಷರದಲ್ಲಿ ಇರುತ್ತದೆ, ಚಾಳೀಸಿದ್ದವರು ಮೊಬೈಲಲ್ಲಿ ಫೋಟೋ ತೆಗೆದು ಹಿಗ್ಗಿಸಿ ನೋಡಿ. ಎಚ್‌ಎಸಿ-001 ಅಂತಷ್ಟೇ ಇದ್ದರೆ 2017ರದ್ದು. ಅದರ ಮುಂದೆ ಕಂಸದಲ್ಲಿ -01 ಇದ್ದರೆ 2019ರದ್ದು.