ದೇವರ ಹೆಸರು ಅಳಿಸಿದರೆ ಅನುವಾದ ಆಗೋದಿಲ್ಲ

ಹಾಬರ್‌ಮಾಸ್ ಮತ್ತು ರಾಟ್ಸಿಂಗರ್ ಅವರ ಮಾತುಕತೆಯ ಪಾಠ ಮುಗಿಸಿದಾಗಲೆಲ್ಲ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬರುತ್ತದೆ. "ಯಾರು ಗೆದ್ದರು ಸಾರ್?"

ಯಾರೂ ಗೆಲ್ಲಲಿಲ್ಲಪ್ಪ. ಅದು ಪಂದ್ಯ ಅಲ್ಲ. 2004ರ ಜನವರಿ 19ರಂದು ಜರ್ಮನಿಯ ಮ್ಯೂನಿಕ್‌ನ ಕ್ಯಾಥೊಲಿಕ್ ಅಕಾಡೆಮಿಯಲ್ಲಿ ಇಬ್ಬರು ಹಿರಿಯರು ಎದುರುಬದುರು ಕೂತರು. ಒಬ್ಬರು ಹಾಬರ್‌ಮಾಸ್, ಧರ್ಮದ ಸಂಗೀತ ಹಿಡಿಯುವ ಕಿವಿ ತನಗಿಲ್ಲ ಎಂದು ಹೇಳಿಕೊಂಡಿದ್ದ ತತ್ವಜ್ಞಾನಿ. ಇನ್ನೊಬ್ಬರು ರಾಟ್ಸಿಂಗರ್, ಮರುವರ್ಷ ಪೋಪ್ ಆದ ಕಾರ್ಡಿನಲ್. ಅವರ ಮುಂದಿದ್ದ ಪ್ರಶ್ನೆಯನ್ನು ಬ್ಯೋಕನ್‌ಫ್ಯೋರ್ಡ ಎಂಬ ಕಾನೂನು ಪಂಡಿತರು 1960ರ ದಶಕದಲ್ಲೇ ಎತ್ತಿದ್ದರು. ಸೆಕ್ಯುಲರ್ ರಾಜ್ಯ ಜನರ ಒಳ್ಳೆಯತನವನ್ನು ನೆಚ್ಚಿಕೊಂಡು ನಡೆಯುತ್ತದೆ, ಆದರೆ ಆ ಒಳ್ಳೆಯತನವನ್ನು ಕಾನೂನು ಮಾಡಿ ಹುಟ್ಟಿಸಲಾರದು. ಮತ್ತೆ ಅದು ಬರುವುದು ಎಲ್ಲಿಂದ?

ಇಷ್ಟು ಎಲ್ಲರಿಗೂ ಅರ್ಥವಾಗುತ್ತದೆ. ಎಡವುವುದು "ಅನುವಾದ" ಎಂಬ ಒಂದೇ ಮಾತಿನಲ್ಲಿ. ಆ ಒಳ್ಳೆಯತನದ ಒಂದು ಸೆಲೆ ಧರ್ಮದಲ್ಲೂ ಇರಬಹುದು, ಅದಕ್ಕೇ ಧರ್ಮದ ಮಾತನ್ನು ಎಲ್ಲರಿಗೂ ತಿಳಿಯುವ ಮಾತಿಗೆ ಅನುವಾದ ಮಾಡಬೇಕು ಎನ್ನುತ್ತಾರೆ ಹಾಬರ್‌ಮಾಸ್. ಉತ್ತರ ಪತ್ರಿಕೆಯಲ್ಲಿ ಅದು ಹೀಗಾಗಿರುತ್ತದೆ: "ನಂಬುವವರು ದೇವರನ್ನು ಮನೆಯಲ್ಲಿ ಬಿಟ್ಟು ಬರಬೇಕು." ವರ್ಷ ವರ್ಷವೂ ಇದೇ. ಮಕ್ಕಳನ್ನು ಬಯ್ಯುವಂತೆಯೂ ಇಲ್ಲ, ಟಿವಿ ಚರ್ಚೆಗೆ ಬರುವ ದೊಡ್ಡವರೂ ಇದನ್ನೇ ಹೇಳುತ್ತಾರೆ.

ಜರ್ಮನಿಯ ಭಾನುವಾರವನ್ನೇ ನೋಡಿ. ಅದು ಕೆಲಸದಿಂದ ಬಿಡುವಿನ, ಮನಸ್ಸನ್ನು ಮೇಲಕ್ಕೆತ್ತುವ ದಿನ ಎಂಬ ಸಾಲು ಆ ದೇಶದ 1919ರ ವೈಮರ್ ಸಂವಿಧಾನದಲ್ಲಿತ್ತು. ಈಗಿನ ಸಂವಿಧಾನದಲ್ಲೂ ಉಳಿದಿದೆ. 2006ರಲ್ಲಿ ಬರ್ಲಿನ್ ನಗರ, ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕೂ ಭಾನುವಾರ ಅಂಗಡಿ ತೆರೆಯಲು ಕಾನೂನು ಮಾಡಿತು. ಚರ್ಚುಗಳು ಕೋರ್ಟಿಗೆ ಹೋದವು. 2009ರ ಡಿಸೆಂಬರ್ 1ರಂದು ಸಂವಿಧಾನ ನ್ಯಾಯಾಲಯ, ನಾಲ್ಕಕ್ಕೆ ನಾಲ್ಕೂ ತೆರೆಯುವುದು ತಪ್ಪು ಎಂದಿತು. ಭಾನುವಾರಕ್ಕೆ ಧರ್ಮದ ಬೇರಿದೆ ಎಂಬುದನ್ನು ತೀರ್ಪು ಮುಚ್ಚಿಡಲಿಲ್ಲ. ಜೊತೆಗೆ, ಎಲ್ಲರಿಗೂ ಒಂದೇ ದಿನ ಬಿಡುವಿದ್ದರೆ ಏನು ಪ್ರಯೋಜನ ಎಂಬುದನ್ನೂ ತೂಗಿತು.

"ದೇವರು ವಿಶ್ರಾಂತಿ ತಗೋ ಎಂದ" ಅನ್ನುವುದನ್ನು "ನಮ್ಮ ಸಂಸ್ಕೃತಿ ವಿಶ್ರಾಂತಿ ತಗೋ ಎನ್ನುತ್ತದೆ" ಎಂದು ಬದಲಿಸಿದರೆ ಅದು ಅನುವಾದ ಅಲ್ಲ. ಬೋರ್ಡು ಬದಲಾಯಿತು, ಅಂಗಡಿ ಅದೇ. ಗಂಡನಿಗೆ ಮಂಗಳವಾರ ರಜೆ, ಹೆಂಡತಿಗೆ ಗುರುವಾರ, ಮಗುವಿಗೆ ಭಾನುವಾರ. ಮೂವರೂ ಒಟ್ಟಿಗೆ ಊಟಕ್ಕೆ ಕೂರುವುದು ಯಾವಾಗ? ಇದನ್ನು ದೇವರನ್ನು ನಂಬದವನೂ ತೂಗಿ ನೋಡಬಲ್ಲ, ಬೇಕಾದರೆ ಒಪ್ಪದೆಯೂ ಇರಬಲ್ಲ. ಅನುವಾದ ಎಂದರೆ ಇಷ್ಟೇ: ಎದುರಿನವನು ತೂಗಬಲ್ಲ ಕಾರಣ ಕೊಡುವುದು. ಅದೂ ಬೇಕಾಗುವುದು ಶಾಸನಸಭೆ, ಕೋರ್ಟು, ಸರ್ಕಾರಿ ಕಚೇರಿಯ ಬಾಗಿಲಲ್ಲಿ. ಬೀದಿಯಲ್ಲಿ, ಸಭೆಯಲ್ಲಿ, ಪತ್ರಿಕೆಯಲ್ಲಿ ನಿಮ್ಮ ದೇವರ ಭಾಷೆಯಲ್ಲೇ ಮಾತಾಡಿ, ಹಾಬರ್‌ಮಾಸ್ ಅಡ್ಡ ಬರುವುದಿಲ್ಲ.

ನಮ್ಮಜ್ಜ ಸೋಮವಾರ ಎತ್ತಿಗೆ ನೊಗ ಹೂಡುತ್ತಿರಲಿಲ್ಲ. ಬಸವಣ್ಣನ ವಾರ. ಒಂದು ಸೋಮವಾರ, ಒಳ್ಳೆ ಹದ ಮಳೆ ಬಿದ್ದ ಮಾರನೇ ದಿನ, ಚಿಕ್ಕಪ್ಪ ಜಗಳ ತೆಗೆದರು. ಅವರಿಗೆ ದೇವರು ದಿಂಡರು ಒಂದೂ ಆಗದು. ಅಜ್ಜ ಎಂದರು, "ದೇವರ ಮಾತು ಬಿಡು. ಆರು ದಿನ ಎಳೆದರೆ ಅವಕ್ಕೆ ಹೆಗಲು ನೋಯಲ್ವೇನೋ?" ಚಿಕ್ಕಪ್ಪ ಗೊಣಗಿಕೊಂಡೇ ಸುಮ್ಮನಾದರು. ಎತ್ತು ಕೊಟ್ಟಿಗೆಯಲ್ಲೇ ಉಳಿದವು. ಅಜ್ಜ ಎಂದಿನಂತೆ ಅವುಗಳ ಹಣೆಗೆ ಅರಿಶಿನ ಕುಂಕುಮ ಹಚ್ಚಿ ಕೈ ಮುಗಿದರು. ಏನನ್ನೂ ಅಳಿಸಲಿಲ್ಲ, ನೋಡಿ.

ಎಲ್ಲ ನಂಬಿಕೆಗೂ ಹೀಗೆ ಇನ್ನೊಂದು ಮಾತು ಸಿಕ್ಕೇ ಸಿಗುತ್ತದೆ ಎಂದು ನಾನು ಹೇಳಲಾರೆ. ಹೊರೆ ನಂಬುವವರ ಮೇಲೆಯೇ ಜಾಸ್ತಿ ಬೀಳುತ್ತದೆ ಎಂಬ ಆಕ್ಷೇಪದಲ್ಲೂ ಹುರುಳಿದೆ. ಅದಕ್ಕೇ ಕೇಳುವವನಿಗೂ ಕೆಲಸವಿದೆ ಎನ್ನುತ್ತಾರೆ ಹಾಬರ್‌ಮಾಸ್. ಮನುಷ್ಯ ದೇವರ ಪ್ರತಿರೂಪ ಎಂಬ ಮಾತು, ಎಲ್ಲ ಮನುಷ್ಯರಿಗೂ ಸಮಾನ ಘನತೆ ಎಂಬ ಮಾತಾಗಿ ಬಂದದ್ದು ಅವರೇ ಕೊಟ್ಟ ಉದಾಹರಣೆ. ಯಾರೋ ಕಿವಿಗೊಟ್ಟಿದ್ದರಿಂದ ಬಂತು. "ದೇವರು" ಎಂಬ ಪದ ಕಿವಿಗೆ ಬಿದ್ದ ತಕ್ಷಣ ಮೊಬೈಲ್ ತೆಗೆಯುವ ಸಹೋದ್ಯೋಗಿಗಳು ನನಗಿದ್ದಾರೆ. ಒಳ್ಳೆಯವರು, ಚೆನ್ನಾಗಿ ಓದಿಕೊಂಡವರು. ಕೇಳುವವನ ಪಾಲಿನ ಈ ಅರ್ಧ ಪಾಠ ಮಾತ್ರ ಅವರಿಗೆ ಬೇಡ.

ಮ್ಯೂನಿಕ್‌ನಲ್ಲಿ ರಾಟ್ಸಿಂಗರ್ ಭಾರತದ "ಧರ್ಮ" ಎಂಬ ಪದವನ್ನೂ ಎತ್ತಿದ್ದರು. ಇರುವುದರ ಒಳಗಿನ ನಿಯಮ ಎಂಬ ಅರ್ಥದಲ್ಲಿ. ತರಗತಿಯಲ್ಲಿ ಅದನ್ನು ಹೇಳಿದರೆ ಮಕ್ಕಳು ಹಿಗ್ಗುತ್ತಾರೆ. ನನಗೆ ನೆನಪಾಗುವುದು ಸಂತೆ. ತೂಕದಲ್ಲಿ ಮೋಸ ಮಾಡಿದವನಿಗೆ ಅಜ್ಜಿ "ಇದು ಧರ್ಮಾನಾ?" ಎಂದರೆ, ಯಾವ ಧರ್ಮ ಎಂದು ಅವನು ತಿರುಗಿ ಕೇಳುವುದಿಲ್ಲ. ಈ ಪದ ಕೈಲಿಟ್ಟುಕೊಂಡು ಸೆಕ್ಯುಲರ್‌ಗೆ "ಧರ್ಮನಿರಪೇಕ್ಷ" ಎಂದು ಬೋರ್ಡಿನ ಮೇಲೆ ಬರೆಯುವಾಗ ಸೀಮೆಸುಣ್ಣ ಸ್ವಲ್ಪ ತಡೆಯುತ್ತದೆ. "ಜಾತ್ಯತೀತ" ಎಂದರೂ ಪೂರ್ತಿ ಸರಿಯಲ್ಲ. ಪರೀಕ್ಷೆಯಲ್ಲಿ ಎರಡಕ್ಕೂ ಅಂಕ ಕೊಡುತ್ತೇನೆ.