ಪಾಸ್‌ವರ್ಡ್ ಹಾಕಿದ ಮೇಲೆ ಏನಾಗುತ್ತದೆ?

ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಮಂಜೇಶ್ವರದ ಕಡೆ ಎಷ್ಟೋ ದೇವಸ್ಥಾನ, ಗ್ರಂಥಾಲಯ, ಯಕ್ಷಗಾನ ಸಂಘಗಳಿಗೆ ಈಗ ಸ್ವಂತ ವೆಬ್‌ಸೈಟ್ ಇದೆ. ಅದರ ಆಡ್ಮಿನ್ ಪಾಸ್‌ವರ್ಡ್ ಸಮಿತಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಿದ್ದಿರುತ್ತದೆ. ಸಮಿತಿ ಬದಲಾದರೂ ಪಾಸ್‌ವರ್ಡ್ ಬದಲಾಗುವುದಿಲ್ಲ. ‘ನಮ್ಮ ಸಣ್ಣ ಸೈಟಿನಲ್ಲಿ ಕದಿಯಲಿಕ್ಕೆ ಏನುಂಟು’ ಎನ್ನುವವರು ಸೇವಾ ಕಾಣಿಕೆಯ ಪುಟವನ್ನೊಮ್ಮೆ ನೋಡಬೇಕು. ಅಲ್ಲಿರುವ ಕ್ಯೂಆರ್ ಚಿತ್ರವನ್ನು ಯಾರಾದರೂ ಸದ್ದಿಲ್ಲದೆ ಬದಲಿಸಿದರೆ, ದುಬೈಯಿಂದ ಭಕ್ತರು ಕಳುಹಿಸಿದ ಹಣ ಬೇರೆಯವರ ಖಾತೆ ಸೇರುತ್ತದೆ. ದಾಳಿ ಮಾಡುವವರು ಊರಿನ ಹೆಸರು ಹುಡುಕಿಕೊಂಡು ಬರುವುದಿಲ್ಲ. ಸ್ವಯಂಚಾಲಿತ ಪ್ರೋಗ್ರಾಂಗಳು ಸಿಕ್ಕಸಿಕ್ಕ ಸೈಟಿನ ಲಾಗಿನ್ ಪುಟವನ್ನೆಲ್ಲ ಹಗಲೂ ರಾತ್ರಿ ತಟ್ಟುತ್ತಿರುತ್ತವೆ. ಸೈಟ್ ಕಟ್ಟಲು ಬಳಸುವ ವರ್ಡ್‌ಪ್ರೆಸ್ ತಂತ್ರಾಂಶದಲ್ಲಿ ಆ ಪುಟದ ವಿಳಾಸ ಜಗತ್ತಿಗೇ ಗೊತ್ತು: ಸೈಟಿನ ಹೆಸರಿನ ಮುಂದೆ ‘ಡಬ್ಲ್ಯುಪಿ-ಆಡ್ಮಿನ್’. ಎಷ್ಟು ಸಲ ತಪ್ಪು ಪಾಸ್‌ವರ್ಡ್ ಹಾಕಬಹುದು ಎಂಬ ಮಿತಿ ಮೂಲ ವರ್ಡ್‌ಪ್ರೆಸ್‌ನಲ್ಲಿ ಇಲ್ಲ. ಅದಕ್ಕೊಂದು ಪ್ಲಗಿನ್ (ಹೆಚ್ಚುವರಿಯಾಗಿ ಸೇರಿಸುವ ತಂತ್ರಾಂಶ) ಹಾಕಿಕೊಳ್ಳಬೇಕು.

ಮೊದಲು ಸರಿಯಾದ ಪುಟಕ್ಕೆ ತಲುಪಬೇಕು. ಮೆಸೇಜಿನಲ್ಲಿ ಬಂದ ಲಿಂಕ್ ಒತ್ತಿ ಎಂದೂ ಲಾಗಿನ್ ಆಗಬೇಡಿ, ಬುಕ್‌ಮಾರ್ಕ್ ಮಾಡಿಟ್ಟುಕೊಳ್ಳಿ. ವಿಳಾಸ ಎಚ್‌ಟಿಟಿಪಿಎಸ್ ಎಂದು ಶುರುವಾದರೆ ನೀವು ಬರೆದದ್ದನ್ನು ದಾರಿಯಲ್ಲಿ ಯಾರೂ ಓದಲಾರರು ಎಂದಷ್ಟೇ ಅರ್ಥ. ಆಚೆ ಬದಿಯವರು ಪ್ರಾಮಾಣಿಕರೆಂದಲ್ಲ. ಎಚ್‌ಟಿಟಿಪಿಎಸ್‌ಗೆ ಬೇಕಾದ ಪ್ರಮಾಣಪತ್ರ ಉಚಿತವಾಗಿಯೇ ಸಿಗುತ್ತದೆ, ವಂಚಕರಿಗೂ ಸಿಗುತ್ತದೆ. ವಿಳಾಸದಲ್ಲಿ ಡೊಮೈನ್ (ಸೈಟಿನ ನೋಂದಾಯಿತ ಹೆಸರು) ಮುಗಿದು ಮೊದಲ ಒಂಟಿ ಓರೆಗೆರೆ (/) ಬರುವ ಜಾಗ ಹುಡುಕಿ, ಅದಕ್ಕೆ ಎಡಗಡೆ ತಾಗಿಕೊಂಡಿರುವ ಹೆಸರು ನೋಡಿ. ‘ನಮ್ಮಸಂಘ.ಇನ್.ಲಾಗಿನ್-ಚೆಕ್.ಕಾಮ್’ ಎಂದಿದ್ದರೆ ಅದು ‘ಲಾಗಿನ್-ಚೆಕ್.ಕಾಮ್’ ಇಟ್ಟುಕೊಂಡವರ ಸೈಟು, ಸಂಘದ್ದಲ್ಲ. ಇದನ್ನೆಲ್ಲ ಕಣ್ಣಿಗೆ ಬಿಡುವುದಕ್ಕಿಂತ ಪಾಸ್‌ವರ್ಡುಗಳನ್ನು ನೆನಪಿಟ್ಟು ತಾನೇ ತುಂಬುವ ಪಾಸ್‌ವರ್ಡ್ ಮ್ಯಾನೇಜರ್ ಎಂಬ ತಂತ್ರಾಂಶಕ್ಕೆ ಒಪ್ಪಿಸುವುದು ಒಳ್ಳೆಯದು. ಡೊಮೈನ್ ಅಕ್ಷರ ಅಕ್ಷರ ಹೊಂದಿದರೆ ಮಾತ್ರ ಅದು ಪಾಸ್‌ವರ್ಡ್ ತುಂಬುತ್ತದೆ. ದಿನಾ ತುಂಬುತ್ತಿದ್ದದ್ದು ಇವತ್ತು ತುಂಬಲಿಲ್ಲವೆಂದರೆ ಕೈಯಿಂದ ಟೈಪ್ ಮಾಡಲು ಹೋಗದೆ ಅಲ್ಲೇ ನಿಲ್ಲಬೇಕು.

ಪಾಸ್‌ವರ್ಡಿನ ಬಲ ಅದರ ಉದ್ದದಲ್ಲಿದೆ. ಇಂಗ್ಲಿಷಿನ ಎಂಟು ಸಣ್ಣ ಅಕ್ಷರಗಳಿಂದ ಸುಮಾರು 20,880 ಕೋಟಿ ಜೋಡಣೆ ಸಾಧ್ಯ. ಲಾಗಿನ್ ಪುಟದಲ್ಲಿ ಸೆಕೆಂಡಿಗೆ ಹತ್ತರಂತೆ ಪ್ರಯತ್ನಿಸಿದರೆ ಎಲ್ಲವನ್ನೂ ಮುಗಿಸಲು 660 ವರ್ಷ ಬೇಕು. ಅದೇ ಪಾಸ್‌ವರ್ಡ್ ಯಾವುದೋ ಹಳೆಯ ಸೈಟಿನಲ್ಲಿ ಬರೀ ಎಂಡಿ5 ಎಂಬ ಹಳೆಯ, ವೇಗದ ವಿಧಾನದ ಹ್ಯಾಶ್ (ಹಿಂದಕ್ಕೆ ತಿರುಗಿಸಲಾಗದಂತೆ ಲೆಕ್ಕ ಹಾಕಿ ಉಳಿಸಿದ ರೂಪ) ಆಗಿದ್ದು ಕಳುವಾದರೆ, ಸೆಕೆಂಡಿಗೆ 1000 ಕೋಟಿ ಊಹೆ ಮಾಡಬಲ್ಲ ಗ್ರಾಫಿಕ್ಸ್ ಕಾರ್ಡಿಗೆ 21 ಸೆಕೆಂಡು ಸಾಕು. ಇದೇ ಕಾರಣಕ್ಕೆ ಒಂದು ಕಡೆ ಬಳಸಿದ್ದನ್ನು ಇನ್ನೊಂದು ಕಡೆ ಬಳಸಬಾರದು ಎನ್ನುವುದು: ಬೇರೆಲ್ಲೋ ಸೋರಿದ್ದನ್ನು ತಂದು ನಿಮ್ಮ ಸೈಟಿನಲ್ಲಿ ಹಾಕಿ ನೋಡುತ್ತಾರೆ. ಊರಿನ ಹೆಸರು, ಒಂದು ‘@’, ಮುಂದೆ ಇಸವಿ ಎಂಬ ಮಾದರಿಯಂತೂ ಊಹೆಯ ಪಟ್ಟಿಯ ಮೊದಲಲ್ಲೇ ಇರುತ್ತದೆ. ಮ್ಯಾನೇಜರ್ ತಾನೇ ಹುಟ್ಟಿಸುವ 20 ಅಕ್ಷರದ ಪಾಸ್‌ವರ್ಡ್ ಇಟ್ಟುಬಿಡಿ.

ಕನ್ನಡ ಲಿಪಿಯಲ್ಲೇ ಪಾಸ್‌ವರ್ಡ್ ಇಡಬಹುದೇ? ಆಸೆ ಒಳ್ಳೆಯದು, ಆದರೆ ಕಷ್ಟ ಬೇರೆ ಕಡೆ ಇದೆ. ‘ಕೊ’ ಎಂಬುದನ್ನು ಯುನಿಕೋಡ್‌ನಲ್ಲಿ (ಎಲ್ಲ ಲಿಪಿಗಳ ಚಿಹ್ನೆಗಳಿಗೆ ಸಂಖ್ಯೆ ಕೊಡುವ ಮಾನದಂಡ) ಎರಡು ರೀತಿ ಬರೆಯಬಹುದು: ‘ಕ’ದ ಮುಂದೆ ಒತ್ವದ ಒಂದೇ ಚಿಹ್ನೆ, ಇಲ್ಲವೇ ಎತ್ವದ ಚಿಹ್ನೆ ಮತ್ತು ಊತ್ವದ ಚಿಹ್ನೆ ಒಂದರ ಹಿಂದೊಂದು. ತೆರೆಯ ಮೇಲೆ ಎರಡೂ ಒಂದೇ, ಯುನಿಕೋಡ್ ನಿಯಮದ ಪ್ರಕಾರವೂ ಅವು ಸಮ. ಆದರೆ ಹ್ಯಾಶ್ ಮಾಡುವ ಲೆಕ್ಕಕ್ಕೆ ಕಾಣುವುದು ಬೈಟ್‌ಗಳು, ಅಂದರೆ ಕಂಪ್ಯೂಟರ್ ಒಳಗೆ ಉಳಿಸುವ ಸಂಖ್ಯೆಗಳು ಮಾತ್ರ. ಸೈಟ್ ಮೊದಲೇ ಎರಡನ್ನೂ ಒಂದೇ ರೂಪಕ್ಕೆ ತಾರದಿದ್ದರೆ ಹ್ಯಾಶ್ ಬೇರೆ ಬೇರೆಯಾಗಿ, ಸರಿಯಾದ ಪಾಸ್‌ವರ್ಡೂ ‘ತಪ್ಪು’ ಎನಿಸಿಕೊಳ್ಳುತ್ತದೆ. ಮೊಬೈಲಿನ ಕೀಲಿಮಣೆಯಲ್ಲಿ ಇಟ್ಟದ್ದು ಕಂಪ್ಯೂಟರಿನ ಕೀಲಿಮಣೆಯಲ್ಲಿ ತೆರೆಯದಿರಲು ಇಷ್ಟು ಸಾಕು. ಒತ್ತಕ್ಷರ ಬಿಡಿಸಲು, ಕೂಡಿಸಲು ಬಳಸುವ ಅಗಲವಿಲ್ಲದ ಅಕ್ಷರಗಳು ಕಣ್ಣಿಗೇ ಬೀಳುವುದಿಲ್ಲ, ಅವೂ ಹ್ಯಾಶ್ ಬದಲಿಸುತ್ತವೆ. ಇನ್ನೊಂದು ವಿಷಯ ಉದ್ದದ್ದು. ‘ಕ್ಷೇತ್ರ’ ನಮಗೆ ಎರಡಕ್ಷರ. ಯುನಿಕೋಡ್‌ಗೆ ಏಳು ಚಿಹ್ನೆ, ತಲಾ ಮೂರರಂತೆ 21 ಬೈಟ್. ಹ್ಯಾಶ್ ಮಾಡಲು ಹಲವು ಕಡೆ ಬಳಸುವ ಬಿಕ್ರಿಪ್ಟ್ ವಿಧಾನ ಮೊದಲ 72 ಬೈಟ್‌ಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಅಂದರೆ 24 ಕನ್ನಡ ಚಿಹ್ನೆ. ಅದರಾಚೆ ಬರೆದದ್ದು ವ್ಯರ್ಥ. 2025ರ ಏಪ್ರಿಲ್‌ನಲ್ಲಿ ಬಂದ ವರ್ಡ್‌ಪ್ರೆಸ್ 6.8 ಬಿಕ್ರಿಪ್ಟ್‌ಗೆ ಬದಲಾದಾಗ ಈ ಮಿತಿ ತಾಗದಂತೆ ವ್ಯವಸ್ಥೆ ಮಾಡಿತು. ಎಲ್ಲ ಸೈಟುಗಳೂ ಹಾಗೆ ಮಾಡಿರುತ್ತವೆಂದು ನಂಬಬೇಡಿ. ಕನ್ನಡ ಪದಗಳೇ ಬೇಕೆಂದಿದ್ದರೆ ಒಂದಕ್ಕೊಂದು ಸಂಬಂಧವಿಲ್ಲದ ಐದಾರು ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಿರಿ. ಗಾದೆಯೋ ಭಜನೆಯ ಸಾಲೋ ಬೇಡ, ಅವು ಊಹಿಸುವವರಿಗೂ ಗೊತ್ತು.

ಪಾಸ್‌ವರ್ಡಿನ ಮೇಲೆ ಕೇಳುವ ಎರಡನೆಯ ಪುರಾವೆಯಾಗಿ ಎಸ್‌ಎಂಎಸ್‌ನಲ್ಲಿ ಬರುವ ಓಟಿಪಿಗಿಂತ ಅಥೆಂಟಿಕೇಟರ್ ಆ್ಯಪ್ ಮೇಲು. ಮಳೆಗಾಲದಲ್ಲಿ ಕರೆಂಟಿನ ಜೊತೆ ಟವರೂ ಹೋದಾಗ ಎಸ್‌ಎಂಎಸ್ ಬರುವುದಿಲ್ಲ. ಈ ಆ್ಯಪಿಗೆ ರೇಂಜೇ ಬೇಡ. ಮೊದಲ ದಿನ ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಒಂದು ಗುಟ್ಟಿನ ಸಂಖ್ಯೆ ಫೋನಿನಲ್ಲೂ ಸರ್ವರ್‌ನಲ್ಲೂ ಉಳಿಯುತ್ತದೆ. 1970ರ ಜನವರಿ 1ರಿಂದ ಈವರೆಗೆ ಎಷ್ಟು 30 ಸೆಕೆಂಡುಗಳು ಕಳೆದಿವೆ ಎಂಬ ಎಣಿಕೆಯನ್ನು ಆ ಗುಟ್ಟಿನ ಜೊತೆ ಸೇರಿಸಿ, ಎರಡೂ ಕಡೆ ಒಂದೇ ಲೆಕ್ಕ ಮಾಡಿ, ಆರು ಅಂಕಿ ತೆಗೆಯುತ್ತಾರೆ. 2011ರಲ್ಲಿ ಪ್ರಕಟವಾದ ಮಾನದಂಡ ಇದು. ಕೆಡುವುದೂ ಸಮಯದಲ್ಲೇ. ಎಣಿಕೆ ನಡೆಯುವುದು ಜಾಗತಿಕ ಸಮಯದಲ್ಲಾದ್ದರಿಂದ ಊರಿನಿಂದ ಗಲ್ಫಿಗೆ ಹೋದರೂ ಕೋಡ್ ಸರಿಯಾಗಿಯೇ ಇರುತ್ತದೆ. ಆದರೆ ಅಲ್ಲಿ ಇಳಿದವರು ಟೈಮ್ ಝೋನ್ ಬದಲಿಸದೆ ಗಡಿಯಾರದ ಮುಳ್ಳನ್ನು ಮಾತ್ರ ಒಂದೂವರೆ ಗಂಟೆ ಹಿಂದೆ ತಿರುಗಿಸಿದರೆ ಫೋನಿನ ಎಣಿಕೆಯೇ ತಪ್ಪಿ ಪ್ರತಿ ಕೋಡೂ ತಿರಸ್ಕೃತವಾಗುತ್ತದೆ. ‘ಸ್ವಯಂಚಾಲಿತ ಸಮಯ’ ಆನ್ ಮಾಡಿದರೆ ಸರಿಹೋಗುತ್ತದೆ. ಫೋನ್ ಕಳೆದುಹೋದರೆ ಎಂದು ಕೊಡುವ ಬ್ಯಾಕಪ್ ಕೋಡುಗಳನ್ನು ಮುದ್ರಿಸಿ, ಸಂಘದ ದಾಖಲೆಯಿರುವ ಕಪಾಟಿನಲ್ಲಿಡಿ. ಅದೇ ಫೋನಿನಲ್ಲಿ ಫೋಟೋ ತೆಗೆದಿಟ್ಟರೆ ಪ್ರಯೋಜನವಿಲ್ಲ. ನಕಲಿ ಪುಟದಲ್ಲಿ ಈ ಆರಂಕಿ ಹಾಕಿದರೆ ವಂಚಕ ಆ ಕ್ಷಣವೇ ಅದನ್ನು ನಿಜವಾದ ಪುಟಕ್ಕೆ ದಾಟಿಸಬಲ್ಲ. ಆ ದಾರಿಯನ್ನೂ ಮುಚ್ಚುವುದು ಪಾಸ್‌ಕೀ, ಅಂದರೆ ಪಾಸ್‌ವರ್ಡಿನ ಬದಲು ಬಳಸುವ ಡಿಜಿಟಲ್ ಕೀಲಿ: ಅದು ಡೊಮೈನಿಗೇ ಕಟ್ಟುಬಿದ್ದಿರುವುದರಿಂದ ಬೇರೆ ವಿಳಾಸಕ್ಕೆ ಉತ್ತರ ಕೊಡುವುದಿಲ್ಲ. ವರ್ಡ್‌ಪ್ರೆಸ್‌ನಲ್ಲಿ ಆರಂಕಿಯ ಕೋಡಿಗೂ ಪಾಸ್‌ಕೀಗೂ ಪ್ಲಗಿನ್ ಬೇಕು.

ಇಷ್ಟೆಲ್ಲ ಜಾಗ್ರತೆಯನ್ನು ದಾಟಿಹೋಗುವ ಒಂದು ವಸ್ತುವಿದೆ, ಅದು ಕುಕೀ. ಸರ್ವರ್ ನಿಮ್ಮ ಪಾಸ್‌ವರ್ಡ್ ನೋಡುವುದು ಒಮ್ಮೆ ಮಾತ್ರ. ಆಮೇಲೆ ಅದು ಬ್ರೌಸರಿನ ಕೈಗೊಂದು ಕುಕೀ ಕೊಡುತ್ತದೆ. ಜಾತ್ರೆಯ ಸ್ಟಾಲಿನಲ್ಲಿ ಕೊಡುವ ಟೋಕನಿನ ಹಾಗೆ, ಹಿಡಿದು ಬಂದವನೇ ಹಕ್ಕುದಾರ. ವರ್ಡ್‌ಪ್ರೆಸ್‌ನಲ್ಲಿ ಅದರ ಆಯುಸ್ಸು 2 ದಿನ, ‘ರಿಮೆಂಬರ್ ಮಿ’ ಗುರುತು ಹಾಕಿದರೆ 14 ದಿನ. ಟ್ಯಾಬ್ ಮುಚ್ಚಿದರೆ ಲಾಗ್ ಔಟ್ ಆಗುವುದಿಲ್ಲ. ಅಕ್ಷಯ ಕೇಂದ್ರದ (ಕೇರಳದ ಆನ್‌ಲೈನ್ ಸೇವಾ ಕೇಂದ್ರ) ಅಥವಾ ಶಾಲೆಯ ಕಂಪ್ಯೂಟರಿನಲ್ಲಿ ಕೆಲಸ ಅನಿವಾರ್ಯವಾದರೆ ಪ್ರೈವೇಟ್ ವಿಂಡೋ ತೆರೆಯಿರಿ, ಮುಗಿದ ಮೇಲೆ ಲಾಗ್ ಔಟ್ ಒತ್ತಿ. ಕೀಲಿಮಣೆಯನ್ನು ಕದ್ದು ಓದುವ ತಂತ್ರಾಂಶ ಆ ಯಂತ್ರದಲ್ಲಿದ್ದರೆ ಪ್ರೈವೇಟ್ ವಿಂಡೋ ಏನೂ ಮಾಡಲಾರದು. ಹಾಗಾಗಿ ಅಂಥ ಕಡೆ ಆಡ್ಮಿನ್ ಖಾತೆ ತೆರೆಯಲೇಬಾರದು ಎನ್ನುವುದು ನಮ್ಮ ಗಟ್ಟಿ ಅಭಿಪ್ರಾಯ. ಕ್ರ್ಯಾಕ್ ಮಾಡಿದ ತಂತ್ರಾಂಶದ ಜೊತೆ ಬರುವ ಕಳ್ಳ ಪ್ರೋಗ್ರಾಂಗಳೂ ಕುಕೀಯನ್ನೇ ಎತ್ತಿಕೊಂಡು ಹೋಗುತ್ತವೆ, ಆಗ ಎರಡನೆಯ ಪುರಾವೆಯನ್ನು ಯಾರೂ ಕೇಳುವುದಿಲ್ಲ. ಸಂಶಯ ಬಂದರೆ ಬೇರೆ ಶುದ್ಧ ಯಂತ್ರದಿಂದ ಪ್ರೊಫೈಲ್ ಪುಟಕ್ಕೆ ಹೋಗಿ ‘ಲಾಗ್ ಔಟ್ ಎವ್ರಿವೇರ್ ಎಲ್ಸ್’ ಒತ್ತಿ, ಪಾಸ್‌ವರ್ಡ್ ಬದಲಿಸಿ. ಆ ಖಾತೆಯ ಹಳೆಯ ಕುಕೀಗಳೆಲ್ಲ ಸಾಯುತ್ತವೆ.

ಇನ್ನು ಸಮಿತಿ ಬದಲಾಗುವಾಗಿನ ಕೆಲಸ. ಪ್ರತಿಯೊಬ್ಬರಿಗೂ ಬೇರೆ ಖಾತೆ ಇರಲಿ. ಸುದ್ದಿ, ಫೋಟೋ ಹಾಕುವವರಿಗೆ ‘ಎಡಿಟರ್’ ಸಾಕು, ‘ಅಡ್ಮಿನಿಸ್ಟ್ರೇಟರ್’ ಇಬ್ಬರೇ ಇರಲಿ. ಬಿಟ್ಟುಹೋದವರ ಖಾತೆ ಅಳಿಸುವಾಗ ಅವರು ಹಾಕಿದ ಬರಹಗಳನ್ನು ಏನು ಮಾಡಬೇಕೆಂದು ವರ್ಡ್‌ಪ್ರೆಸ್ ಕೇಳುತ್ತದೆ. ‘ಎಲ್ಲವನ್ನೂ ಅಳಿಸು’ ಎಂದರೆ ಅವರು ಹಾಕಿದ ವರದಿಗಳೆಲ್ಲ ಹೋದವು, ಬೇರೊಬ್ಬರ ಹೆಸರಿಗೆ ವರ್ಗಾಯಿಸುವ ಆಯ್ಕೆಯನ್ನೇ ಒತ್ತಬೇಕು. ಪಾಸ್‌ವರ್ಡ್ ಮರೆತಾಗ ಲಿಂಕ್ ಹೋಗುವ ಇಮೇಲ್ ಸಂಘದ್ದೇ ಆಗಿರಬೇಕು, ಅದಕ್ಕೂ ಎರಡನೆಯ ಪುರಾವೆ ಬೇಕು, ಡೊಮೈನ್ ನೋಂದಣಿಯ ಖಾತೆಗೂ ಬೇಕು. ಉಳಿಯುವ ಖಾತೆಗಳ ಪ್ರೊಫೈಲ್ ಪುಟದ ಕೆಳಗೆ ‘ಅಪ್ಲಿಕೇಷನ್ ಪಾಸ್‌ವರ್ಡ್ಸ್’ ಎಂಬ, ಬೇರೆ ಆ್ಯಪ್‌ಗಳು ಸೈಟನ್ನು ಬಳಸಲು ಕೊಟ್ಟ ಪಾಸ್‌ವರ್ಡುಗಳ ಪಟ್ಟಿಯೂ ಇದೆ, 2020ರ ಡಿಸೆಂಬರ್‌ನಲ್ಲಿ ಆವೃತ್ತಿ 5.6ರೊಂದಿಗೆ ಬಂದದ್ದು. ಇವು ಆರಂಕಿಯ ಕೋಡ್ ಇಲ್ಲದೆ ಕೆಲಸ ಮಾಡುತ್ತವೆ, ಮುಖ್ಯ ಪಾಸ್‌ವರ್ಡ್ ಬದಲಿಸಿದರೂ ಸಾಯುವುದಿಲ್ಲ. ಯಾವುದಕ್ಕಾಗಿ ಮಾಡಿದ್ದೆಂದು ಯಾರಿಗೂ ನೆನಪಿಲ್ಲದ ಹೆಸರು ಅಲ್ಲಿ ಕಂಡರೆ ‘ರಿವೋಕ್’ ಒತ್ತಿ ತೆಗೆದುಹಾಕಿ.